ಆ 'ಅಲೋ' ಬಟನ್ ಒತ್ತಬೇಕಾದ ಕೈ ಯಾರದ್ದು?

(1/3)
ಹೋದ ಪೋಸ್ಟ್ ಆದ್ಮೇಲೆ ನಾಲ್ಕೈದು ಜನ ಡಿಎಂನಲ್ಲಿ ಒಂದೇ ಪ್ರಶ್ನೆ ಕೇಳಿದ್ರಿ. "ಊರಲ್ಲಿ ಅಪ್ಪನ ಹತ್ರ ಮ್ಯಾಕ್ ಇದೆ, ನಾನು ಹಾಸ್ಟೆಲ್‌ನಲ್ಲಿದ್ದೀನಿ. ಅಪ್ಪ ಪಕ್ಕದಲ್ಲಿ ಇಲ್ದಿದ್ರೂ ನಾನೇ ಇಲ್ಲಿಂದ ಒಳಗೆ ಹೋಗಿ ಸರಿ ಮಾಡೋ ಥರ ಸೆಟ್ ಮಾಡ್ಬೇಕು. ಆದ್ರೆ ಅದು ಪರ್ಮಿಷನ್ ಕೇಳುತ್ತೆ. ಬೈಪಾಸ್ ಇದ್ಯಾ?"

ಇಲ್ಲ. ಇರಲೂಬಾರದು ಅನ್ನೋದು ನನ್ನ ಅಭಿಪ್ರಾಯ. ಬೈಯೋ ಮುಂಚೆ ಪೂರ್ತಿ ಓದಿ.

ನಮ್ಮ ಕ್ಲಾಸಲ್ಲಿ ಅರ್ಧ ಜನ ಅವರವರ ಮನೆಯ ಐಟಿ ಡಿಪಾರ್ಟ್‌ಮೆಂಟ್ ಕೂಡ ಹೌದು. ಬೆಂಗಳೂರಲ್ಲಿರೋ ಅಕ್ಕನೋ ಅಣ್ಣನೋ ಹೊಸದು ತಗೊಂಡಾಗ ಹಳೇ ಲ್ಯಾಪ್‌ಟಾಪ್ ಊರಿಗೆ ಬರುತ್ತೆ, ಅದರ ಜವಾಬ್ದಾರಿ ನಮ್ಮ ತಲೆಗೆ ಬರುತ್ತೆ. ಹಾಗಾಗಿ ಕೇಳಿದ್ದರಲ್ಲಿ ತಪ್ಪೇನಿಲ್ಲ.

ವಿಷಯ ಏನಂದ್ರೆ, 2018ರ ಮೊಹಾವಿಯಿಂದ ಮ್ಯಾಕ್ ಈ ಪರ್ಮಿಷನ್‌ಗಳನ್ನ ಬಿಗಿ ಮಾಡ್ತು. 2019ರ ಕ್ಯಾಟಲಿನಾ ಬಂದಾಗ ಸ್ಕ್ರೀನ್ ರೆಕಾರ್ಡಿಂಗ್‌ಗೂ ಒಪ್ಪಿಗೆ ಬೇಕು ಅಂತಾಯ್ತು. ಎನಿಡೆಸ್ಕ್, ಟೀಮ್‌ವ್ಯೂವರ್, ರಸ್ಟ್‌ಡೆಸ್ಕ್, ಯಾವುದೇ ಹಾಕಿ. ಸ್ಕ್ರೀನ್ ರೆಕಾರ್ಡಿಂಗ್ ಕೊಡದಿದ್ರೆ ನಿಮಗೆ ವಾಲ್‌ಪೇಪರ್ ಕಾಣುತ್ತೆ, ಅಪ್ಪ ತೆರೆದಿರೋ ಎಕ್ಸೆಲ್ ಕಾಣಲ್ಲ. ಆಕ್ಸೆಸಿಬಿಲಿಟಿ ಕೊಡದಿದ್ರೆ ಎಲ್ಲಾ ಕಂಡ್ರೂ ಕ್ಲಿಕ್ ಆಗಲ್ಲ. ಇವೆರಡನ್ನೂ ದೂರದಿಂದಲೇ ಆನ್ ಮಾಡೋಣ ಅಂದ್ರೆ, ದೂರದಿಂದ ನೋಡೋಕೆ, ಒತ್ತೋಕೆ ಅವೇ ಬೇಕಲ್ಲ! ಅಂದ್ರೆ ಮೊದಲ ಸಲ ಮಷಿನ್ ಮುಂದೆ ಒಬ್ಬರು ಕೂತಿರಲೇಬೇಕು. ದೊಡ್ಡ ಕಂಪನಿಗಳು ನೂರಾರು ಮ್ಯಾಕ್‌ಗಳನ್ನ ಎಂಡಿಎಂ ಇಟ್ಕೊಂಡು ನಡೆಸ್ತವೆ. ಅದರಿಂದ ಆಕ್ಸೆಸಿಬಿಲಿಟಿಯನ್ನ ಮೊದಲೇ ಕೊಡಬಹುದು, ಸ್ಕ್ರೀನ್ ರೆಕಾರ್ಡಿಂಗ್ ಮಾತ್ರ ಅವರೂ ಕೊಡೋಕಾಗಲ್ಲ. ಮುಂದೆ ಕೂತವರೇ ಆನ್ ಮಾಡ್ಬೇಕು.

(2/3)
"ಸಿಸ್ಟಮ್ ಇಂಟೆಗ್ರಿಟಿ ಪ್ರೊಟೆಕ್ಷನ್ ಆಫ್ ಮಾಡಿ, ಪರ್ಮಿಷನ್ ಡೇಟಾಬೇಸ್‌ನೇ ತಿದ್ದಿಬಿಡಿ" ಅಂತ ಹೇಳೋ ಮಹಾನುಭಾವರು ಸಿಗ್ತಾರೆ. ದಯವಿಟ್ಟು ಬೇಡ. ನಿಮ್ಮೊಬ್ಬರಿಗೆ ಅಂತ ತೆಗೆದ ದಾರಿಯಲ್ಲಿ ಬೇರೆ ಯಾವ ಪ್ರೋಗ್ರಾಂ ಬೇಕಾದ್ರೂ ಬರುತ್ತೆ, ಅಪ್ಪಂಗೆ ಗೊತ್ತೂ ಆಗಲ್ಲ.

2019ರ ಫೆಬ್ರವರಿಯಲ್ಲಿ ಆರ್‌ಬಿಐ ಬ್ಯಾಂಕುಗಳನ್ನ ಎಚ್ಚರಿಸಿದ್ದು ಇಂಥದ್ದಕ್ಕೇ. ಫೋನ್ ಮಾಡಿ ಎನಿಡೆಸ್ಕ್ ಹಾಕಿಸೋದು, 9 ಅಂಕಿಯ ಕೋಡ್ ಕೇಳೋದು, ಆಮೇಲೆ ಜನರದ್ದೇ ಮೊಬೈಲ್‌ನಿಂದ ಯುಪಿಐ ಮೂಲಕ ದುಡ್ಡು ಎತ್ತೋದು. ಆ್ಯಪ್ ಕೆಟ್ಟದ್ದಲ್ಲ, ನಾವು ಬಳಸೋದೂ ಅದನ್ನೇ. ಒಳಗೆ ಬಂದಿರೋದು ಮಗಳೋ ಕಳ್ಳನೋ ಅಂತ ಕಂಪ್ಯೂಟರ್‌ಗೆ ಗೊತ್ತಾಗೋ ದಾರಿ ಇಲ್ಲ. ಅದಕ್ಕೇ ಮುಂದೆ ಕೂತವರನ್ನ ಕೇಳುತ್ತೆ.

ಕೇಳದೇ ಇದ್ರೆ ಹೇಗಿರುತ್ತೆ ಅಂತ ನಾನು ಸಂಜೆ ಅಕೌಂಟ್ಸ್ ಬರೆಯೋಕೆ ಹೋಗೋ ಪೇಂಟ್ ಅಂಗಡಿಯಲ್ಲಿ ನೋಡಿದೆ. ಅಲ್ಲಿರೋದು ವಿಂಡೋಸ್. ಒಂದು ಸಲ ಅಡ್ಮಿನ್ ಪಾಸ್‌ವರ್ಡ್ ಹಾಕಿ ಸರ್ವೀಸ್ ಆಗಿ ಇನ್‌ಸ್ಟಾಲ್ ಮಾಡಿದ್ರೆ ಮುಗೀತು, ಲಾಗಿನ್ ಸ್ಕ್ರೀನ್ ಸಮೇತ ಎಲ್ಲಾ ದೂರದಿಂದ ಸಿಗುತ್ತೆ. ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿದ ಹುಡುಗರು ಹಾಗೇ ಮಾಡಿ ಹೋಗಿದ್ರು, ಓನರ್ ಅಂಕಲ್‌ಗೆ ಒಂದು ಮಾತೂ ಹೇಳಿರಲಿಲ್ಲ. ಪಾಸ್‌ವರ್ಡ್ ಏನು ಗೊತ್ತಾ? ಅಂಗಡಿ ಹೆಸರು, ಮುಂದೆ 123. ಒಂದಿನ ಅಂಕಲ್ ಕರೆದ್ರು, "ಏನಮ್ಮ ಇದು, ಮೌಸ್ ತಾನಾಗೇ ಓಡಾಡ್ತಿದೆ?" ಅದೇ ಕಂಪ್ಯೂಟರ್‌ನಲ್ಲಿ ಟ್ಯಾಲಿ ಡೇಟಾ ಇದೆ, ಬ್ರೌಸರ್‌ನಲ್ಲಿ ಜಿಎಸ್‌ಟಿ ಪೋರ್ಟಲ್ ಪಾಸ್‌ವರ್ಡ್ ಸೇವ್ ಆಗಿದೆ. ಅವರು ಅಪ್‌ಡೇಟ್ ಹಾಕೋಕೇ ಬಂದಿದ್ರು, ನಿಜ. ಆದ್ರೆ ಆ ಕೆಲಸ ಬಿಟ್ಟು ಹೋದ ಹುಡುಗನಿಗೂ ಆ ಪಾಸ್‌ವರ್ಡ್ ಗೊತ್ತಿರುತ್ತಲ್ಲ?

(3/3)
ಹಾಗಂತ ಆಪಲ್ ಮಾಡಿದ್ದೆಲ್ಲಾ ಸರಿ ಅಂತ ನಾನು ಒಪ್ಪಲ್ಲ. 2024ರ ಸಿಕೋಯಾದಿಂದ ಹಲವು ಆ್ಯಪ್‌ಗಳಿಗೆ ಒಮ್ಮೆ ಒಪ್ಪಿದ್ರೂ ತಿಂಗಳಿಗೊಮ್ಮೆ ಮತ್ತೆ ಕೇಳುತ್ತೆ. ಮೊದಲ ತಿಂಗಳು ಅಪ್ಪ ಫೋನ್ ಮಾಡಿ "ಏನೋ ಇಂಗ್ಲಿಷಲ್ಲಿ ಬಂದಿದೆ, ಒತ್ಲಾ?" ಅಂತ ಕೇಳ್ತಾರೆ. ಮೂರನೇ ತಿಂಗಳು ಕೇಳಲ್ಲ, ಏನೇ ಬಂದ್ರೂ ಒತ್ತಿಬಿಡ್ತಾರೆ. ನಾಳೆ ಕಳ್ಳನ ಆ್ಯಪ್ ಅದೇ ಥರ ಕೇಳಿದ್ರೂ ಒತ್ತೋದೇ. ಪದೇ ಪದೇ ಕೇಳೋ ಬದಲು ಯಾರು, ಯಾವತ್ತು, ಎಷ್ಟು ಹೊತ್ತು ಒಳಗಿದ್ರು ಅನ್ನೋ ಲೆಕ್ಕ ಅಪ್ಪಂಗೆ ಅರ್ಥವಾಗೋ ಥರ ತೋರಿಸಲಿ. ನಾವು ಬಿಕಾಂನವರು, ಕ್ಯಾಶ್‌ಬುಕ್ ಇಲ್ದೆ ಗಲ್ಲಾಪೆಟ್ಟಿಗೆ ಕೀ ಯಾರಿಗಾದ್ರೂ ಕೊಡ್ತೀವಾ?

ಈಗ ಕೆಲಸಕ್ಕೆ ಬರೋಣ. ಹಬ್ಬಕ್ಕೆ ಊರಿಗೆ ಹೋದಾಗ ಸೆಟ್ ಮಾಡಿ. ಅಪ್ಪನ್ನ ಪಕ್ಕದಲ್ಲಿ ಕೂರಿಸ್ಕೊಂಡು ಪ್ರೈವಸಿ ಆ್ಯಂಡ್ ಸೆಕ್ಯುರಿಟಿ ತೆಗೆದು, ಎರಡೂ ಸ್ವಿಚ್‌ನ ಅವರ ಕೈಯಲ್ಲೇ ಆನ್ ಮಾಡಿಸಿ. ಆಫ್ ಮಾಡೋದನ್ನೂ ಆಗಲೇ ತೋರಿಸಿ, ಇದನ್ನ ಯಾರೂ ಮಾಡಲ್ಲ. ಆ್ಯಪ್‌ನಲ್ಲಿ ಉದ್ದದ ಪಾಸ್‌ವರ್ಡ್, ಟೂ ಫ್ಯಾಕ್ಟರ್ ಇದ್ರೆ ಅದೂ, ಮತ್ತೆ ನಿಮ್ಮ ಐಡಿಗೆ ಮಾತ್ರ ಒಳಗೆ ಬಿಡೋ ಸೆಟ್ಟಿಂಗ್ ಹಾಕಿ. ಆಮೇಲೆ ರೀಸ್ಟಾರ್ಟ್ ಮಾಡಿ ನಿಮ್ಮ ಲ್ಯಾಪ್‌ಟಾಪ್‌ನಿಂದ ಟ್ರೈ ಮಾಡಿ. ಫೈಲ್‌ವಾಲ್ಟ್ ಆನ್ ಇದ್ರೆ ರೀಸ್ಟಾರ್ಟ್ ಆದ್ಮೇಲೆ ಯಾರಾದ್ರೂ ಅಲ್ಲೇ ಪಾಸ್‌ವರ್ಡ್ ಹೊಡೆಯೋವರೆಗೂ ನಿಮ್ಮ ಆ್ಯಪ್ ಏಳಲ್ಲ. ಅದಕ್ಕೋಸ್ಕರ ಫೈಲ್‌ವಾಲ್ಟ್ ಆಫ್ ಮಾಡ್ಬೇಡಿ, ಅಪ್ಪಂಗೆ ಒಂದು ಕಾಲ್ ಮಾಡಿ ಸಾಕು.

ಆಗಲೇ ಸೆಟ್ ಆಗಿರೋ ಮನೆ, ಅಂಗಡಿಯವರು ಆ ಲಿಸ್ಟ್ ಒಮ್ಮೆ ತೆಗೆದು ನೋಡಿ. ಯಾರು ಹಾಕಿದ್ದು ಅಂತ ಗೊತ್ತಿಲ್ಲದ ರಿಮೋಟ್ ಆ್ಯಪ್ ಇದ್ರೆ ಆಫ್ ಮಾಡಿ. ದುಡ್ಡು ಹೋಗಿದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ವಿಂಡೋಸ್‌ನಲ್ಲಿ ಇದನ್ನ ಎಲ್ಲಿ ಹುಡುಕೋದು ಅಂತ ಮುಂದಿನ ಪೋಸ್ಟ್‌ನಲ್ಲಿ ಸ್ಕ್ರೀನ್‌ಶಾಟ್ ಸಮೇತ ಹಾಕ್ತೀನಿ. ಅಂಕಲ್ ಅಂಗಡಿದೇ, ಪರ್ಮಿಷನ್ ತಗೊಂಡಿದ್ದೀನಿ 😌

#ಮನೆಯಐಟಿ #ಬಿಕಾಂಬರಹ #ಕನ್ನಡದಲ್ಲಿಟೆಕ್