ಛಾಯಾಚಿತ್ರವೂ ಆಪ್ತವಾಕ್ಯವೂ

ಬೆಂಗಳೂರಿನಲ್ಲಿ ವನ್ಯಜೀವಿಗಳ ಛಾಯಾಚಿತ್ರಪ್ರದರ್ಶನವಿಲ್ಲದೆ ವರ್ಷ ಕಳೆಯುವುದಿಲ್ಲ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ವಿದ್ಯಾವಂತ ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ ಸಂತೋಷಪಡುತ್ತವೆ. ಸಂತೋಷಪಡತಕ್ಕದ್ದೇ. ಪ್ರತಿಯೊಂದು ಚಿತ್ರದ ಕೆಳಗೂ ಒಂದು ಚೀಟಿಯುಂಟು. ಅದರಲ್ಲಿ ಹಕ್ಕಿಯ ಹೆಸರು, ಅದರ ಲ್ಯಾಟಿನ್ ಹೆಸರು, ಛಾಯಾಗ್ರಾಹಕರ ನಾಮಧೇಯ, ಬಹುಮಾನ ಬಂದಿದ್ದರೆ ಅದರ ಉಲ್ಲೇಖ, ಕೆಲವೊಮ್ಮೆ ಲೆನ್ಸಿನ ಅಳತೆ ಕೂಡ ಇರುತ್ತವೆ. ಇಲ್ಲದ ಮಾತು ಒಂದೇ: ಚಿತ್ರವು ಹೇಗೆ ದೊರೆಯಿತೆಂಬುದು. ಹಕ್ಕಿಯು ತಾನಾಗಿ ಬಂದು ಕುಳಿತಿತೊ, ಹುಳುವಿನ ಆಸೆ ತೋರಿಸಿ ಕುಳ್ಳಿರಿಸಿದರೊ? ಗೂಡಿನ ಮುಂದೆ ಎಲೆಗಳೇ ಇರಲಿಲ್ಲವೊ, ಇದ್ದುವನ್ನು ಕತ್ತರಿಸಿದರೊ? ಹೀಗೆ ಕೇಳುವುದು ಅಸಭ್ಯವೆಂದು ಭಾವಿಸುವವರುಂಟು. ಕೇಳದಿರುವುದೇ ತಪ್ಪೆಂಬುದು ಈ ಲೇಖನದ ವಾದ.

ಛಾಯಾಚಿತ್ರವು ಪ್ರತ್ಯಕ್ಷಪ್ರಮಾಣವೆಂಬ ಭ್ರಾಂತಿಯೇ ಈ ಮೌನಕ್ಕೆ ಮೂಲ. ಚಿತ್ರಕಾರನ ಕುಂಚ ಸುಳ್ಳಾಡಬಹುದು, ಯಂತ್ರ ಸುಳ್ಳಾಡದೆಂದು ಜನರು ನಂಬಿದ್ದಾರೆ. ಆದರೆ ಕಾಡಿನಲ್ಲಿ ಕಂಡದ್ದು ತೆಗೆದವನಿಗೆ ಮಾತ್ರ ಪ್ರತ್ಯಕ್ಷ. ಗೋಡೆಯ ಮೇಲೆ ನೋಡುವವನಿಗೆ ಅದು ತೆಗೆದವನ ಮಾತು. ಮಾತನ್ನು ಪ್ರಮಾಣವೆಂದು ಒಪ್ಪುವಾಗ ನ್ಯಾಯಶಾಸ್ತ್ರವು ಹೇಳುವವನು ಆಪ್ತನಾಗಿರಬೇಕೆಂದು ನಿಬಂಧನೆ ಹಾಕಿತು. ಕಂಡದ್ದನ್ನು ಕಂಡಂತೆ ತಿಳಿಸಬೇಕೆಂಬ ಇಚ್ಛೆಯುಳ್ಳವನೇ ಆಪ್ತನು. ಅರ್ಧವನ್ನು ತೋರಿಸಿ ಅರ್ಧವನ್ನು ಮುಚ್ಚಿಡುವವನಿಗೆ ಆ ಹೆಸರು ಸಲ್ಲದು.

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ಜಗತ್ಪ್ರಸಿದ್ಧವಾದ ಸ್ಪರ್ಧೆಯ ಎರಡು ಪ್ರಸಂಗಗಳನ್ನು ಇಲ್ಲಿ ಸ್ಮರಿಸಬಹುದು. ೨೦೦೯ರಲ್ಲಿ ಅಗ್ರಬಹುಮಾನ ಪಡೆದ, ಮರದ ಗೇಟನ್ನು ಹಾರುವ ತೋಳದ ಚಿತ್ರವನ್ನು, ಅದು ಪಳಗಿಸಿದ ತೋಳವಿರಬೇಕೆಂಬ ಕಾರಣದಿಂದ ೨೦೧೦ರಲ್ಲಿ ತಳ್ಳಿಹಾಕಿದರು. ೨೦೧೭ರಲ್ಲಿ ಗೆದ್ದ ಮತ್ತೊಂದು ಚಿತ್ರದಲ್ಲಿ ಬ್ರೆಜಿಲ್ ದೇಶದ ಇರುವೆಬಾಕವೊಂದು ರಾತ್ರಿ ಮಿನುಗುವ ಹುತ್ತದ ಬಳಿಗೆ ಬರುತ್ತಿತ್ತು. ಅದು ತೊಗಲಿಗೆ ಹೊಟ್ಟು ತುಂಬಿದ ಬೊಂಬೆಯೇ ಇರಬೇಕೆಂದು ನಿರ್ಣಯಿಸಿ ೨೦೧೮ರಲ್ಲಿ ಬಹುಮಾನವನ್ನು ಹಿಂದೆಗೆದುಕೊಂಡರು. ಛಾಯಾಗ್ರಾಹಕರು ಇಬ್ಬರೂ ಆರೋಪವನ್ನು ಅಲ್ಲಗಳೆದರು. ಎರಡು ಸಲವೂ ಯಂತ್ರವೇನೋ ಸುಳ್ಳಾಡಲಿಲ್ಲ. ತನ್ನ ಮುಂದೆ ನಿಂತದ್ದನ್ನೇ ತೋರಿಸಿತು. ಈಗಂತೂ ಇಲ್ಲದ ಹಕ್ಕಿಯನ್ನು ಇಲ್ಲದ ಕೊಂಬೆಯ ಮೇಲೆ ಕಂಪ್ಯೂಟರೇ ಕೂಡಿಸಬಲ್ಲುದಾದ್ದರಿಂದ, ತೆಗೆದವನ ಮಾತಿಗಿಂತ ಬೇರೆ ಆಧಾರ ಉಳಿದಿಲ್ಲ.

ಪರದೇಶದ ಮಾತು ಹಾಗಿರಲಿ. ಚಳಿಗಾಲದಲ್ಲಿ ನವರಂಗವೆಂಬ ಹಕ್ಕಿ ಬೆಂಗಳೂರಿಗೆ ಬರುತ್ತದೆ. ಹಿಮಾಲಯದ ತಪ್ಪಲು, ಮಧ್ಯಭಾರತಗಳಿಂದ ರಾತ್ರಿಯೆಲ್ಲ ಹಾರಿ ಬರುವ ಈ ಪುಟ್ಟ ಜೀವವು ಬಳಲಿ ಮನೆಗಳೊಳಗೆ ಬಂದು ಬೀಳುವುದೂ ಉಂಟು. ಅದು ತೋಟದ ತರಗೆಲೆಗಳಲ್ಲಿ ಹುಳು ಹೆಕ್ಕುತ್ತಿದೆಯೆಂಬ ಸುದ್ದಿ ಫೋನಿನಿಂದ ಫೋನಿಗೆ ಹಬ್ಬಿದರೆ ಮರುದಿನ ಬೆಳಗಿಗೆ ಲೆನ್ಸುಗಳ ಸಾಲು ನಿಲ್ಲುತ್ತದೆ. ಹಕ್ಕಿ ಪೊದೆಯಿಂದ ಹೊರಗೆ ಬರದಿದ್ದರೆ ಯಾರಾದರೊಬ್ಬರು ಅದರ ಕೂಗನ್ನೇ ಫೋನಿನಲ್ಲಿ ನುಡಿಸುತ್ತಾರೆ. ತನ್ನ ನೆಲೆಗೆ ಪ್ರತಿಸ್ಪರ್ಧಿಯು ನುಗ್ಗಿದನೆಂದು ಅದು ಮೇಯುವುದನ್ನು ಬಿಟ್ಟು ಹೊರಗೆ ಬಂದು ಕೂಗುತ್ತದೆ. ಶತ್ರುವಿಲ್ಲ, ಹುಡುಕಾಟ ಮಾತ್ರ ಉಂಟು. ಒಬ್ಬರು ಹೋದ ಮೇಲೆ ಮತ್ತೊಬ್ಬರು ಬಂದು ನುಡಿಸುತ್ತಾರೆ. ಹೀಗೆ ದೊರೆತ ಚಿತ್ರದ ಕೆಳಗೆ "ಹಾಡುತ್ತಿರುವ ನವರಂಗ" ಎಂದು ಬರೆದರೆ ಅದು ಸತ್ಯವೆ?

ಗೂಡಿನ ವಿಷಯ ಇನ್ನೂ ಕಠಿನವಾದದ್ದು. ಬಸವನಗುಡಿಯ ಹಳೆಯ ಮನೆಗಳ ಜಗಲಿಯಲ್ಲಿ ವಿದ್ಯುತ್ತಂತಿಗೆ ಸೂರಕ್ಕಿಯು ಗೂಡನ್ನು ತೂಗುಹಾಕುತ್ತದೆ; ಮಲ್ಲಿಗೆಯ ಬಳ್ಳಿಯ ಒಳಗೆ ಪಿಕಳಾರ ಮೊಟ್ಟೆಯಿಡುತ್ತದೆ. ಬಳ್ಳಿಯ ನಾಲ್ಕು ಎಲೆಗಳು ದೃಶ್ಯಕ್ಕೆ ಅಡ್ಡ. ಅವನ್ನು ಕತ್ತರಿಸಿದರೆ ಚಿತ್ರವು ಸ್ಪಷ್ಟವಾಗುತ್ತದೆ, ನಿಜ. ಆದರೆ ಛಾಯಾಗ್ರಾಹಕನಿಗೆ ಸ್ಪಷ್ಟವಾದದ್ದು ಕಾಗೆಗೂ ಸ್ಪಷ್ಟವೇ. ನೆರಳು ಹೋದ ಗೂಡಿನಲ್ಲಿ ರೆಕ್ಕೆ ಬಾರದ ಮರಿ ಮಧ್ಯಾಹ್ನದ ಬಿಸಿಲಿಗೆ ಬೇಯುತ್ತದೆ. ಹೆದರಿದ ತಾಯಿ ಮರಳದೆ ಇರಬಹುದು. ಇಷ್ಟೆಲ್ಲ ನಡೆಯುವುದು ಛಾಯಾಗ್ರಾಹಕನು ಮನೆಗೆ ಹೋದ ಮೇಲೆ. ಆದ್ದರಿಂದ ಅವನು ಅದನ್ನು ಕಾಣುವುದಿಲ್ಲ, ಚಿತ್ರವೂ ಕಾಣಿಸುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಮಂಡಲದ ಹಾವನ್ನು ಕೋಲಿನಿಂದೆತ್ತಿ ಪಾಚಿಯ ಕೊಂಬೆಗೆ ಸುತ್ತಿಸುವವರೂ, ಮಲ್ಲೇಶ್ವರದ ನೆರೆಯಲ್ಲೇ ಭಾರತೀಯ ವಿಜ್ಞಾನಸಂಸ್ಥೆಯ ಮರಗಳಲ್ಲಿ ಬಾಳುವ ಕಾಡುಪಾಪದಂಥ ಇರುಳಿನ ಪ್ರಾಣಿಯ ಅಗಲವಾದ ಕಣ್ಣಿಗೆ ಪ್ರಖರವಾದ ಬೆಳಕು ಬಿಡುವವರೂ ಇದೇ ವರ್ಗಕ್ಕೆ ಸೇರಿದವರು. ಕರಾವಳಿಯಲ್ಲಿ ಕಡಲಾಮೆಯ ಮರಿಗಳು ಬೆಳಕಿನ ಕಡೆಯೇ ಕಡಲೆಂದು ತಿಳಿದು ನಡೆಯುತ್ತವೆ. ಅಲ್ಲಿ ಮಿಂಚುದೀಪ ಹೊತ್ತಿಸಿದವನು ಅವಕ್ಕೆ ದಾರಿಯನ್ನೇ ತಪ್ಪಿಸುತ್ತಾನೆ.

ಇದಕ್ಕೆ ಪೂರ್ವಪಕ್ಷವಿಲ್ಲದಿಲ್ಲ. ಹಿಂದಿನವರು ಬಂದೂಕು ಹಿಡಿದು ಕಾಡಿಗೆ ಹೋಗುತ್ತಿದ್ದರು, ಇಂದಿನವರು ಕ್ಯಾಮೆರಾ ಹಿಡಿದು ಹೋಗುತ್ತಾರೆ, ಇದಕ್ಕಿಂತ ಅಹಿಂಸೆ ಯಾವುದೆಂದು ಕೇಳುತ್ತಾರೆ. ಕೇಳುವುದಕ್ಕೆ ಇಂಪಾಗಿದೆ. ಆದರೆ ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವು "ಬೇಟೆ" ಎಂಬ ಶಬ್ದಕ್ಕೆ ಕೊಟ್ಟ ಅರ್ಥವನ್ನು ಇವರು ಓದಿದಂತೆ ಕಾಣದು. ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲ. ಪ್ರಾಣಿಗೆ ಆಮಿಷವೊಡ್ಡುವುದೂ, ಹಕ್ಕಿಗಳ ಮತ್ತು ಸರೀಸೃಪಗಳ ಮೊಟ್ಟೆಗೂಡುಗಳಿಗೆ ಉಪದ್ರವ ಕೊಡುವುದೂ ಆ ಅರ್ಥದಲ್ಲಿ ಅಡಕವಾಗಿವೆ. ಕೈಯ ಆಯುಧವು ಬದಲಾಯಿತು. ಶಾಸನದ ಕಣ್ಣಿಗೆ ಬೇಟೆ ಬೇಟೆಯಾಗಿಯೇ ಉಳಿಯಿತು.

ಹಿರಿಯರೂ ಗೂಡಿನ ಬಳಿಯಲ್ಲೇ ಚಿತ್ರ ತೆಗೆದರಲ್ಲವೆ ಎಂಬುದು ಎರಡನೆಯ ಆಕ್ಷೇಪ. ಇದು ಗೌರವದಿಂದ ಉತ್ತರಿಸತಕ್ಕದ್ದು. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ. ವೈ. ಘೋರ್ಪಡೆ ಮೊದಲಾದವರು ಕನ್ನಡನಾಡಿನ ವನ್ಯಜೀವನವನ್ನು ಲೋಕಕ್ಕೆ ತೋರಿಸಿದ ಮಹನೀಯರು. ಅವರ ತಲೆಮಾರಿನಲ್ಲಿ ಪ್ರಪಂಚದೆಲ್ಲೆಡೆಯೂ ಹಕ್ಕಿಯ ಚಿತ್ರವೆಂದರೆ ಬಹುಮಟ್ಟಿಗೆ ಗೂಡಿನ ಚಿತ್ರವೇ ಆಗಿತ್ತು. ಲೆನ್ಸಿನ ದೃಷ್ಟಿ ಗಿಡ್ಡ, ಫಿಲ್ಮು ಮಂದ, ಯಂತ್ರವೋ ಭಾರ. ಹಕ್ಕಿಯು ನಿಶ್ಚಯವಾಗಿ ಮರಳಿ ಬರುವ ಸ್ಥಳ ಗೂಡೊಂದೇ. ಅದಕ್ಕಾಗಿ ಬಟ್ಟೆಯ ಮರೆಯೊಳಗೆ ಗಂಟೆಗಟ್ಟಲೆ ಅಲುಗಾಡದೆ ಕುಳಿತುಕೊಳ್ಳಬೇಕಾಗಿತ್ತು. ಇಂದು ನೂರಡಿ ದೂರದಿಂದ ಗರಿಯ ಅಂಚನ್ನೆಣಿಸುವ ಲೆನ್ಸುಂಟು, ಮಬ್ಬುಗತ್ತಲೆಯಲ್ಲೂ ಕಾಣುವ ಯಂತ್ರವುಂಟು. ನಿಮಿತ್ತವು ಹೋದ ಮೇಲೆ ನೈಮಿತ್ತಿಕವೂ ಹೋಗತಕ್ಕದ್ದೆಂದು ವ್ಯಾಕರಣ ಓದಿದ ಹುಡುಗನೂ ಬಲ್ಲನು. ಹಿರಿಯರ ತಾಳ್ಮೆಯನ್ನು ಬಿಟ್ಟು ಅವರ ಅನಿವಾರ್ಯತೆಯನ್ನು ಮಾತ್ರ ಅನುಕರಿಸುವುದು ಎಂಥ ಶಿಷ್ಯತ್ವ?

ಹತ್ತಿರ ಹೋಗುವುದೇ ಪಾಪವೆಂದು ಇಲ್ಲಿ ಹೇಳುತ್ತಿಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಣ ಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಗಾಡಿ ಓಡುತ್ತದೆ, ಮಕ್ಕಳು ಕೂಗಾಡುತ್ತಾರೆ. ಊರವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸಿದ್ದಾರೆ. ಹಕ್ಕಿಯ ಕೆಲಸವನ್ನು ಯಾರೂ ಕೆಡಿಸುವುದಿಲ್ಲವಾದ್ದರಿಂದ ಸಾಮೀಪ್ಯವು ಅಲ್ಲಿ ದೋಷವಲ್ಲ. ಆದಿಕವಿಯು ಬೇಡನನ್ನು ಶಪಿಸಿದ್ದು ಯಾವ ಅಪರಾಧಕ್ಕೆ? ಕ್ರೌಂಚವನ್ನು ಕೊಂದನೆಂಬುದಕ್ಕೆ ಮಾತ್ರವಲ್ಲ, ಜೊತೆಗೂಡಿ ಮೈಮರೆತಿದ್ದ ಜೋಡಿಯಲ್ಲಿ ಒಂದನ್ನು ಕೊಂದನೆಂಬುದಕ್ಕೆ. ಮೈಮರೆತ ಜೀವದ ಮೇಲೆ ಕೈಮಾಡಿದ್ದು ಋಷಿಗೆ ಸಹಿಸದಾಯಿತು. ಕ್ಯಾಮೆರಾದಿಂದ ಹಕ್ಕಿ ಸಾಯದು, ಹೋಲಿಕೆ ಅತಿಯಾಯಿತೆನ್ನುವವರು ಎಲೆ ಕತ್ತರಿಸಿದ ಗೂಡನ್ನು ಮೂರು ದಿನಗಳ ಮೇಲೆ ಹೋಗಿ ನೋಡಲಿ.

ಪ್ರದರ್ಶನ ನಡೆಸುವ ಸಂಘಗಳಿಂದ ಬೇಡುವುದು ಬಹಳವಲ್ಲ. ಚೀಟಿಯಲ್ಲಿ ಮತ್ತೊಂದು ಪಂಕ್ತಿ ಸೇರಲಿ: ಎಷ್ಟು ದೂರದಿಂದ, ಆಮಿಷವಿತ್ತೆ, ಕೂಗು ನುಡಿಸಿದರೆ, ಗೂಡಿನ ಬಳಿಯೆ, ಸಾಕಿದ ಪ್ರಾಣಿಯೆ. ಸ್ಥಳದ ಹೆಸರನ್ನು ಬೇಕಾದರೆ ಬಿಡಬಹುದು, ಬಿಡುವುದೇ ಮೇಲು. ಹೆಸರು ಹೊರಬಿದ್ದರೆ ನೂರು ಜನ ಅಲ್ಲಿಗೆ ನಡೆದಾರು. ಆ ಪಂಕ್ತಿಯನ್ನು ಬರೆಯಲೊಪ್ಪದ ಚಿತ್ರವನ್ನು, ಅದು ಎಷ್ಟೇ ಸುಂದರವಾಗಿರಲಿ, ತೂಗುಹಾಕಬಾರದು. ಸಂಘಗಳು ಈ ನಿಯಮವನ್ನು ಮಾಡುವವರೆಗೆ ಪ್ರದರ್ಶನಕ್ಕೆ ಹೋಗುವ ಗೃಹಸ್ಥರೇ ಕೇಳಬಹುದು, ಮಕ್ಕಳಿಂದಲೂ ಕೇಳಿಸಬಹುದು. ಛಾಯಾಗ್ರಾಹಕರು ಸಾಮಾನ್ಯವಾಗಿ ತಮ್ಮ ಚಿತ್ರದ ಪಕ್ಕದಲ್ಲೇ ನಿಂತಿರುತ್ತಾರೆ.