ಬಾಳುವ ಮನೆ

ಕಳೆದ ಏಪ್ರಿಲ್‌ನಲ್ಲಿ ಮನೆಗಂದಾಯ ಕಟ್ಟಲು ನಗರಸಭೆಗೆ ಹೋಗಿದ್ದೆ. ಮೊತ್ತ ನೋಡಿ ನಾನು ಹೌಹಾರಿದ್ದಕ್ಕೆ ಕಿಟಕಿಯೊಳಗಿನ ಹುಡುಗ, ‘ಅಜ್ಜೀ, ನಿಮ್ಮ ಮನೆ ಈಗ ಎಷ್ಟು ಬಾಳುತ್ತೆ ಗೊತ್ತಾ?’ ಎಂದ. ‘ಮನೆ ಬಾಳುತ್ತೆ ಕಣಪ್ಪಾ, ಅದರೊಳಗೆ ನಾನೂ ಬಾಳಬೇಕಲ್ಲ’ ಎಂದೆ. ಹಿಂದೆ ನಿಂತವರು ನಕ್ಕರು. ನನಗೆ ನಗು ಬರಲಿಲ್ಲ.

ಎರಡು ಕೋಣೆ, ಒಂದು ನಡುಮನೆ, ಹಿತ್ತಲಲ್ಲಿ ಕರಿಬೇವಿನ ಗಿಡ. ನನ್ನವರು ಸಾಲ ತೆಗೆದು, ನಾನು ಬಳೆ ಅಡವಿಟ್ಟು ಕಟ್ಟಿಸಿದ ಮನೆ. ಅಂದಿನಿಂದ ಒಂದು ಇಟ್ಟಿಗೆಯೂ ಹೆಚ್ಚಿಲ್ಲ. ಹೆಚ್ಚಿದ್ದು ಎದುರಿನ ರಸ್ತೆಯ ಅಗಲ, ಮೂಲೆಯ ಕಾಂಪ್ಲೆಕ್ಸ್. ಕಂದಾಯದ ಲೆಕ್ಕಕ್ಕೆ ಆಧಾರ ಮಾರ್ಗಸೂಚಿ ಬೆಲೆ. 2023ರ ಅಕ್ಟೋಬರ್‌ನಲ್ಲಿ ರಾಜ್ಯದಲ್ಲೆಲ್ಲ ಅದನ್ನು ಪರಿಷ್ಕರಿಸಿದರು. ಮಾರಿದವರಿಗೆ ಅದು ದುಡ್ಡು. ಮಾರದೆ ಕೂತವಳಿಗೆ ಬರೀ ಕಾಗದದ ಮೇಲಿನ ಅಂಕಿ. ಕಂದಾಯ ಮಾತ್ರ ರೊಕ್ಕದಲ್ಲೇ ಕೊಡಬೇಕು.

ನನ್ನ ರೊಕ್ಕದ ಕಥೆ ಕೇಳಿ. ಅವರು ಖಾಸಗಿ ಕಾರ್ಖಾನೆಯಲ್ಲಿದ್ದವರು. ಭವಿಷ್ಯನಿಧಿಯ ಪಿಂಚಣಿ ಕನಿಷ್ಠ 1,000 ರೂಪಾಯಿ ಎಂದು 2014ರಲ್ಲಿ ಗೊತ್ತುಮಾಡಿದರಲ್ಲ, ನನಗೆ ಬರುವುದು ಅದಕ್ಕಿಂತ ತುಸು ಹೆಚ್ಚು. ಸರ್ಕಾರಿ ನೌಕರರ ಹೆಂಡಿರಿಗಾದರೆ ತುಟ್ಟಿಭತ್ಯೆ ಏರುತ್ತದೆ. ಈ ಪಿಂಚಣಿಗೆ ಅದಿಲ್ಲ. ಉಳಿದದ್ದು ಬ್ಯಾಂಕಿನ ಠೇವಣಿಯ ಬಡ್ಡಿ. ಏಪ್ರಿಲ್‌ನಲ್ಲೇ ಒಟ್ಟಿಗೆ ಕಟ್ಟಿದವರಿಗೆ ಶೇಕಡಾ 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇಕಡಾ 2 ದಂಡ. ಅಂದರೆ ಗಂಟು ಇದ್ದವರಿಗೆ ಬಹುಮಾನ, ಗಂಟು ಕೂಡಿಸಲು ತಿಣುಕುವವರಿಗೆ ಶಿಕ್ಷೆ! ನಾನು ಏಪ್ರಿಲ್‌ನಲ್ಲೇ ಕಟ್ಟುತ್ತೇನೆ, ನಿಜ. ಅದಕ್ಕಾಗಿ ಎರಡು ತಿಂಗಳು ಬಿ.ಪಿ. ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತೇನೆ. ಮಗಳಿಗೆ ಇದು ಗೊತ್ತಿಲ್ಲ.

ಕಂದಾಯವೇ ಬೇಡ ಎನ್ನುವ ಜಾತಿ ನನ್ನದಲ್ಲ. ಬೀದಿದೀಪ, ಚರಂಡಿ, ಕಸದ ಗಾಡಿ ಎಲ್ಲಕ್ಕೂ ದುಡ್ಡು ಬೇಕು. ಆದರೆ ಆದಾಯ ತೆರಿಗೆಯ ಹಳೆಯ ಪದ್ಧತಿ 60 ದಾಟಿದವರಿಗೆ ಒಂದು ಮಿತಿ, 80 ದಾಟಿದವರಿಗೆ ಇನ್ನೊಂದು ಮಿತಿ ಇಟ್ಟಿದೆ. ಮಾಜಿ ಸೈನಿಕರ ಮನೆಗೆ ಕಂದಾಯದಲ್ಲಿ ಅರ್ಧ ಬಿಡುವುದೂ ನಮ್ಮಲ್ಲೇ ಉಂಟು. ಅಂದಮೇಲೆ ಮನೆಯೊಳಗೆ ಯಾರಿದ್ದಾರೆಂದು ನೋಡಲು ಕಾನೂನಿಗೆ ಕಣ್ಣಿಲ್ಲವೆನ್ನುವುದು ಸುಳ್ಳು.

‘ಮಹಡಿ ಕಟ್ಟಿ ಬಾಡಿಗೆಗೆ ಕೊಡಿ’ ಎನ್ನುತ್ತಾರೆ. ಕಟ್ಟುವ ದುಡ್ಡಿದ್ದರೆ ಈ ಮಾತೇಕೆ? ‘ಮಾರಿ ಮಗಳ ಮನೆಗೆ ಹೋಗಿ’ ಎನ್ನುತ್ತಾರೆ. ಅಳಿಯ ಒಳ್ಳೆಯವನೇ. ಆದರೂ ಸ್ವಂತ ಒಲೆಯ ಮುಂದೆ ಕಾಫಿ ಕಾಯಿಸಿಕೊಳ್ಳುವ ಹೆಂಗಸಿಗೂ ಇನ್ನೊಬ್ಬರ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಕೇಳುವ ಹೆಂಗಸಿಗೂ ಇರುವ ವ್ಯತ್ಯಾಸ ನಿಮಗೆ ಬಿಡಿಸಿ ಹೇಳಬೇಕೆ?

‘ನೀವು ಉಳಿಸಿದ್ದನ್ನು ಮಕ್ಕಳು ತಾನೇ ತಿನ್ನುವುದು?’ ಎಂಬ ಆಕ್ಷೇಪಣೆಯಲ್ಲಿ ಮಾತ್ರ ಹುರುಳಿದೆ. ಹಾಗಾದರೆ ಅವರಿಂದಲೇ ವಸೂಲು ಮಾಡಿ! ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 55 ದಾಟಿದವರು ತಾವು ವಾಸವಿರುವ ಮನೆಯ ತೆರಿಗೆಯನ್ನು ಮುಂದೂಡಬಹುದು. ಅದು ಮನೆಯ ಮೇಲಿನ ಸಾಲವಾಗಿ ನಿಂತು, ಮನೆ ಕೈಬದಲಾದಾಗ ಬಡ್ಡಿಸಮೇತ ತೀರುತ್ತದೆ. ನಮ್ಮಲ್ಲೂ ಇರುವುದೊಂದೇ ಮನೆ, ಅದರಲ್ಲಿ ತಾನೇ ವಾಸ, ವರಮಾನ ಇಷ್ಟರೊಳಗೆ ಎಂದು ಕಟ್ಟುಮಾಡಿ, ಖಾತೆ ಬದಲಾವಣೆಯ ದಿನ ಬಾಕಿ ಹಿಡಿದುಕೊಳ್ಳಲಿ. ಮೂರಂತಸ್ತಿನ ಬಾಡಿಗೆ ತಿನ್ನುವ ಮುದುಕರಿಗೆ ಇದು ಬೇಡವೇ ಬೇಡ.

ಇಷ್ಟನ್ನೂ ಬರೆದು ಅರ್ಜಿ ಕೊಟ್ಟೆ. ‘ಇದಕ್ಕೆ ನಮ್ಮಲ್ಲಿ ಕಾಲಮ್ಮೇ ಇಲ್ಲ’ ಎಂದರು. ಬಿಡದೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದೆ. ಅದನ್ನು ನೋಡಿದ ಪಕ್ಕದ ಮನೆಯ ಟೀಚರಮ್ಮ ತಮಗೂ ಒಂದು ಬರೆದುಕೊಡಿ ಎಂದಿದ್ದಾರೆ.