ಹೊಳೆದಂಡೆಯ ಬಾಡಿಗೆ ಮನೆ

ಮಲೆನಾಡಿಗರಿಗೆ ಹೊಳೆಯೆಂದರೆ ಮೊದಲು ಮರ, ಆಮೇಲೆ ನೀರು. ತುಂಗೆಯಾಗಲಿ, ಶರಾವತಿಯಾಗಲಿ, ಅಘನಾಶಿನಿಯಾಗಲಿ, ಹರಿವು ಕಣ್ಣಿಗೆ ಬೀಳುವ ಮುನ್ನವೇ ದಂಡೆಯ ಹೊಳೆಮತ್ತಿ, ನೇರಳೆ, ಹೊಂಗೆ, ವಾಟೆಗಳ ಸಾಲು ಎದುರಾಗುತ್ತದೆ. ಈ ರೂಢಿಯ ಕಣ್ಣಿನಿಂದ ಕಲಬುರ್ಗಿ ಜಿಲ್ಲೆಯ ಭೀಮಾ ತೀರವನ್ನು ಮೊದಲ ಬಾರಿ ನೋಡಿದವರು ತಬ್ಬಿಬ್ಬಾಗುತ್ತಾರೆ. ಕರಿಮಣ್ಣಿನ ಕಡಿದಾದ ದಂಡೆ, ಅದರ ಅಂಚಿನವರೆಗೂ ಕಬ್ಬು, ಕಬ್ಬಿಲ್ಲದೆಡೆ ಬಳ್ಳಾರಿ ಜಾಲಿಯ ಮುಳ್ಳುಪೊದೆ, ನಡುವೆ ಎಲ್ಲೋ ಒಂಟಿಯಾಗಿ ನಿಂತ ಬೇವು. ನದಿ ಇದೆ, ಅದರ ಮೈಮೇಲಿನ ಬಟ್ಟೆ ಇಲ್ಲ.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಸಂಗತಿ ಘಟ್ಟದ ಈ ಪತ್ರಿಕೆಗೇಕೆ ಎಂದು ಕೇಳುವವರಿದ್ದಾರೆ. ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣವಿದೆ. ಓದಿಗಾಗಿ, ಬ್ಯಾಂಕಿನ ನೌಕರಿಗಾಗಿ, ಇಲಾಖೆಗಳ ವರ್ಗಾವಣೆಯ ಮೇಲೆ ಮಲೆನಾಡಿನ ಮಕ್ಕಳು ಆ ಬಯಲಿಗೆ ಹೋಗುತ್ತಾರೆ, ಬಾಡಿಗೆ ಮನೆ ಹುಡುಕುತ್ತಾರೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವ ಆ ಸೀಮೆಯಲ್ಲಿ ಅವರ ಮೊದಲ ಪ್ರಶ್ನೆ ಸಹಜವಾಗಿಯೇ ಇದು: ನೀರಿನ ಹತ್ತಿರ, ಮರದ ನೆರಳಲ್ಲಿ ಒಂದು ಕೋಣೆ ಸಿಕ್ಕೀತೇ? ಈ ಸರಳ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಆ ನದಿಯ ಕಥೆಯೂ ತಿಳಿಯುತ್ತದೆ, ನಮ್ಮ ಹೊಳೆಗಳಿಗೆ ಈಗ ಆಗುತ್ತಿರುವುದೂ ಕಾಣುತ್ತದೆ.

ಅಂಥ ಕೋಣೆ ಸಿಗುವ ಊರು ಒಂದಿದೆ. ಆಳಂದ ತಾಲೂಕಿನಲ್ಲೇ ಹುಟ್ಟಿ, ಕೊರಳ್ಳಿಯ ಬಳಿ ಜಲಾಶಯವಾಗಿ ತಂಗಿ, ಮುಂದೆ ಹರಿಯುವ ಅಮರ್ಜಾ ನದಿಯು ಭೀಮೆಯನ್ನು ಕೂಡುವ ಸ್ಥಳ ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ಸಂಗಮ. ದತ್ತ ಸಂಪ್ರದಾಯದ ನೃಸಿಂಹ ಸರಸ್ವತಿಗಳು ನೆಲೆಸಿದ್ದ ಕ್ಷೇತ್ರವಿದು. ಅವರ ನಿರ್ಗುಣ ಪಾದುಕೆಗಳ ದರ್ಶನಕ್ಕೆ ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳಿಂದ ಜನ ಬರುತ್ತಾರೆ. ಒಂದು ದಿನದ ಯಾತ್ರೆಗೆ ಬರುವವರ ಜೊತೆಗೆ, ಗುರುಚರಿತ್ರೆಯ ಪಾರಾಯಣಕ್ಕೆಂದು ವಾರಗಟ್ಟಲೆ, ಸೇವೆಗೆಂದು ತಿಂಗಳುಗಟ್ಟಲೆ ಉಳಿಯುವವರೂ ಉಂಟು. ಅವರು ಅರ್ಚಕರ ಮನೆಯ ಪಡಸಾಲೆಯಲ್ಲೋ ಬಾಡಿಗೆಯ ಕೋಣೆಯಲ್ಲೋ ಇದ್ದು, ಬೆಳಗ್ಗೆ ಸಂಗಮದಲ್ಲಿ ಮಿಂದು, ಮಧ್ಯಾಹ್ನ ಐದು ಮನೆಗಳಲ್ಲಿ ಮಾಧುಕರಿ ಬೇಡಿ ಉಣ್ಣುತ್ತಾರೆ. ಬಾಡಿಗೆದಾರನನ್ನು ಊರೇ ಉಣಿಸುವ ಇಂಥ ಪದ್ಧತಿ ನಾಡಿನಲ್ಲಿ ಬೇರೆಡೆ ಅಪರೂಪ.

ಇಲ್ಲಿ ಗಮನಿಸಬೇಕಾದದ್ದು ಔದುಂಬರ, ಅಂದರೆ ನಮ್ಮ ಅತ್ತಿಮರ. ಸಂಗಮದ ಬಳಿಯ ಔದುಂಬರವನ್ನು ಕಲ್ಪವೃಕ್ಷವೆಂದು ನಂಬಿ ಜನ ಅದರ ಬುಡದಲ್ಲಿ ಕುಳಿತು ಓದುತ್ತಾರೆ. ಅದಕ್ಕೆ ಕೊಡಲಿ ಹಾಕುವ ಧೈರ್ಯ ಯಾರಿಗೂ ಬಾರದು. ಬರಿಯ ಬಯಲಿನ ನಡುವೆ ಹೊಳೆಯಂಚಿನ ಈ ನೆರಳು ಉಳಿದದ್ದಕ್ಕೆ ಅರಣ್ಯ ಇಲಾಖೆಗಿಂತ ಭಕ್ತಿಯೇ ಹೆಚ್ಚು ಕಾರಣ. ಜಿಲ್ಲೆಯ ಹೇಳಿಕೊಳ್ಳುವಂಥ ಕಾಡೆಲ್ಲ ದೂರದ ಚಿಂಚೋಳಿಯಲ್ಲಿದೆ. 2011ರಲ್ಲಿ ವನ್ಯಧಾಮವಾದದ್ದೂ ಅದೇ. ಭೀಮಾ ತೀರದ ಪಾಲಿಗೆ ಬಂದದ್ದು ದೇವರ ಮರಗಳು ಮಾತ್ರ.

ಉಳಿದೆಡೆ ಮರ ಏಕಿಲ್ಲ? ಬಯಲುಸೀಮೆಯವರಿಗೆ ಮರದ ಮೇಲೆ ಪ್ರೀತಿಯಿಲ್ಲವೆಂದು ಘಟ್ಟದವರು ಸಲೀಸಾಗಿ ತೀರ್ಪು ಕೊಡುವುದುಂಟು. ಅದು ಅನ್ಯಾಯದ ಮಾತು. ಆ ಸೀಮೆಯ ಕರಿಮಣ್ಣಿನಲ್ಲಿ ಸ್ಮೆಕ್ಟೈಟ್ ಗುಂಪಿನ ಜೇಡಿ ಹೇರಳ. ನೀರು ಕುಡಿದಾಗ ಅದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಗೋಡೆಯ ಪಕ್ಕದಲ್ಲೇ ಬೆಳೆದ ದೊಡ್ಡ ಮರ ಬೇಸಿಗೆಯಲ್ಲಿ ತಳಪಾಯದ ಕೆಳಗಿನ ತೇವವನ್ನೂ ಹೀರುತ್ತದೆ. ಮಣ್ಣು ಒಂದು ಕಡೆ ಕುಸಿಯುತ್ತದೆ, ಗೋಡೆ ಸೀಳುತ್ತದೆ. ಮನೆಯ ಮಾಲೀಕ ಅಂಗಳದ ಬೇವನ್ನು ಅನುಮಾನದಿಂದ ನೋಡುವುದಕ್ಕೆ ಇದೇ ಕಾರಣ. ಮರ ಪೂರ್ತಿ ಬೆಳೆದಾಗ ಎಷ್ಟು ಎತ್ತರವಾಗುವುದೋ ಅಷ್ಟು ದೂರವನ್ನು ಗೋಡೆಯಿಂದ ಬಿಟ್ಟು ನೆಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಇಕ್ಕಟ್ಟಿನ ನಿವೇಶನದಲ್ಲಿ ಅಷ್ಟು ಜಾಗ ಎಲ್ಲಿದೆ? ಹೀಗಾಗಿ ಶಹಾಬಾದ್ ಪರಸಿ ಹೊದೆಸಿದ ಮನೆಗಳು ಬಿಸಿಲಿನಲ್ಲಿ ಕಾಯುತ್ತವೆ, ಒಳಗಿನ ಬಾಡಿಗೆದಾರ ಬೇಯುತ್ತಾನೆ. ದಪ್ಪ ಮಣ್ಣಿನ ಹಳೆಯ ಮಾಳಿಗೆ ಮನೆಗಳು ಇದಕ್ಕಿಂತ ತಂಪಾಗಿದ್ದವು. ಮಾಳಿಗೆಗೆ ವರ್ಷವರ್ಷ ಮಣ್ಣು ಮೆತ್ತುವ ಕೈಗಳು ಮುಂಬೈ, ಪುಣೆ, ಬೆಂಗಳೂರುಗಳಿಗೆ ಹೋದ ಮೇಲೆ ಅವೂ ಕಡಿಮೆಯಾದವು.

ಇನ್ನು ನೀರಿನ ಮಾತು. ಭೀಮೆ ಹುಟ್ಟುವುದು ನಮ್ಮದೇ ಸಹ್ಯಾದ್ರಿಯಲ್ಲಿ, ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. ಸುಮಾರು 860 ಕಿಲೋಮೀಟರ್ ಹರಿದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ನಡುವೆ ಸೊಲ್ಲಾಪುರ ಜಿಲ್ಲೆಯಲ್ಲಿ ಸುಮಾರು 117 ಟಿಎಂಸಿ ಹಿಡಿಯುವ ಉಜನಿ ಅಣೆಕಟ್ಟಿದೆ. ಬಚಾವತ್ ನ್ಯಾಯಾಧಿಕರಣವು ಭೀಮೆಯ ಮುಖ್ಯ ಹರಿವಿನಿಂದ ಕರ್ನಾಟಕ ವರ್ಷಕ್ಕೆ ಬಳಸಬಹುದಾದ ನೀರನ್ನು 15 ಟಿಎಂಸಿಗೆ ಮಿತಿಗೊಳಿಸಿತು. ಅಫಜಲಪುರ ತಾಲೂಕಿನ ಸೊನ್ನದಲ್ಲಿ ಕಟ್ಟಿದ ಬ್ಯಾರೇಜು ಹಿಡಿಯುವುದು ಸುಮಾರು 3 ಟಿಎಂಸಿ. ಘಟ್ಟದ ಮಳೆ, ಮೇಲಿನ ಅಣೆಕಟ್ಟಿನ ಬಾಗಿಲು, ಇವೆರಡರ ಇಚ್ಛೆಗೆ ತಕ್ಕಂತೆ ಕೆಳಗಿನ ಊರುಗಳ ಬದುಕು.

2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ಮಳೆ ಭೀಮಾ ತೀರವನ್ನೂ ಬಿಡಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಸೊನ್ನ ಬ್ಯಾರೇಜಿನಿಂದ ಹೊರಬಿದ್ದ ನೀರು ಸೆಕೆಂಡಿಗೆ ಸುಮಾರು 8 ಲಕ್ಷ ಘನ ಅಡಿ. ಲೆಕ್ಕ ಹಾಕಿ ನೋಡಿದರೆ ಅದರ ಭೀಕರತೆ ತಿಳಿದೀತು: ಆ ಹರಿವಿನಲ್ಲಿ ಇಪ್ಪತ್ತೊಂದು ನಿಮಿಷಕ್ಕೆ ಒಂದು ಟಿಎಂಸಿ, ಬ್ಯಾರೇಜು ಖಾಲಿಯಿದ್ದಿದ್ದರೂ ಒಂದು ಗಂಟೆಯ ಆಸುಪಾಸಿನಲ್ಲಿ ತುಂಬಿ ತುಳುಕುತ್ತಿತ್ತು. ಅಫಜಲಪುರ, ಜೇವರ್ಗಿ ತಾಲೂಕುಗಳ ತೀರದ ಜನ ಶಾಲೆಗಳಲ್ಲಿ, ಕಾಳಜಿ ಕೇಂದ್ರಗಳಲ್ಲಿ ದಿನ ಕಳೆದರು. ಕಟಾವಿಗೆ ಬರಬೇಕಿದ್ದ ತೊಗರಿ ಕೊಳೆಯಿತು. ಎರಡು ಮೂರು ದಿನ ಬೇರು ನೀರಿನಲ್ಲಿ ನಿಂತರೆ ತೊಗರಿ ಬದುಕುವುದಿಲ್ಲ. 2024ರ ಬೇಸಿಗೆಯಲ್ಲಿ ಅದೇ ನದಿ ಬತ್ತಿ, ಉಜನಿಯಿಂದ ನೀರು ಬಿಡಿಸಿರೆಂದು ಅಫಜಲಪುರದಲ್ಲಿ ಉಪವಾಸ ಕೂರಬೇಕಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ನೆರೆ.

ನೆರೆ ಇಳಿದ ಮೇಲೆ ಪರಿಹಾರದ ಪಟ್ಟಿ ತಯಾರಾಗುತ್ತದೆ. ಬಿದ್ದ ಮನೆಯ ಹಣ ಮನೆ ಯಾರ ಹೆಸರಿನಲ್ಲಿದೆಯೋ ಅವರಿಗೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಆ ಮನೆಯಲ್ಲಿ ಬಾಡಿಗೆಗಿದ್ದವನ ಕಥೆ? ಹಳ್ಳಿಯ ಬಾಡಿಗೆ ಬಹುಪಾಲು ಬಾಯಿಮಾತಿನದು; ಚೀಟಿಯಿಲ್ಲ, ರಸೀತಿಯಿಲ್ಲ, ಪಡಿತರ ಚೀಟಿ ಹುಟ್ಟೂರಿನದು. ಹೊದಿಕೆ, ಪಾತ್ರೆ, ಪುಸ್ತಕ, ಅಂಕಪಟ್ಟಿ ಹೋದರೂ ತಾನು ಅಲ್ಲಿದ್ದೆನೆಂದು ತೋರಿಸಲು ಅವನ ಬಳಿ ಏನೂ ಇರುವುದಿಲ್ಲ. ಕಬ್ಬು ಕಡಿಯಲು ಬಂದ ಕೂಲಿಯೂ, ಪದವಿ ಓದಲು ಬಂದ ವಿದ್ಯಾರ್ಥಿಯೂ ಈ ವಿಷಯದಲ್ಲಿ ಒಂದೇ. 2019ರ ನೆರೆಯ ಸಮಯದಲ್ಲಿ ಸರಕಾರ ಮನೆ ಕಳೆದುಕೊಂಡವರಿಗೆ ಬೇರೆಡೆ ಬಾಡಿಗೆಗಿರಲು ತಿಂಗಳಿಗೆ 5,000 ರೂಪಾಯಿ ಘೋಷಿಸಿತ್ತು. ಮಾಲೀಕನನ್ನು ಬಾಡಿಗೆದಾರನನ್ನಾಗಿಸುವ ಯೋಚನೆ ಆಡಳಿತಕ್ಕೆ ಹೊಳೆಯಿತು; ಮೊದಲೇ ಬಾಡಿಗೆದಾರನಾಗಿದ್ದವನು ಯಾರ ಕಣ್ಣಿಗೂ ಬೀಳಲಿಲ್ಲ.

2009ರ ನೆರೆಯ ನಂತರ ‘ಆಸರೆ’ ಯೋಜನೆಯಲ್ಲಿ ದಾನಿಗಳ ನೆರವಿನಿಂದ ಎತ್ತರದ ಜಾಗಗಳಲ್ಲಿ ಹೊಸ ಊರುಗಳೆದ್ದವು. ಉದ್ದೇಶ ಒಳ್ಳೆಯದೇ. ಆದರೆ ಸಾಲು ಸಾಲಾಗಿ ನಿಂತ ಆ ಚಿಕ್ಕ ಮನೆಗಳಲ್ಲಿ ಎತ್ತು ಕಟ್ಟಲು ಜಾಗವಿಲ್ಲ, ಮೇವು ಒಟ್ಟಲು ಹಿತ್ತಲಿಲ್ಲ, ಹೊಲ ದೂರ, ನೆರಳು ಮೊದಲೇ ಇಲ್ಲ. ಹಲವೆಡೆ ಜನ ಬೀಗ ಹಾಕಿ ಹಳೆಯ ಊರಿಗೇ ಮರಳಿದರು. ಮನೆ ಹಂಚಿದ ವರ್ಷವೇ ಬೀದಿಗೆ ಇಪ್ಪತ್ತು ಹೊಂಗೆ ನೆಟ್ಟಿದ್ದರೆ ಇಂದು ಅವುಗಳಡಿ ಎತ್ತು ಕಟ್ಟಬಹುದಿತ್ತು. ಎಂಜಿನಿಯರುಗಳ ಅಂದಾಜುಪಟ್ಟಿಯಲ್ಲಿ ಮರಕ್ಕೆ ಕಾಲಂ ಇರುವುದಿಲ್ಲ.

ಮೇಲಿನ ಪುಣೆಯಲ್ಲಿ ಇದೇ ಭೀಮೆಯ ಉಪನದಿಗಳಾದ ಮುಳಾ, ಮುಠಾ, ಪವನಾಗಳ ಪಕ್ಕದಲ್ಲಿ ನೀರಾವರಿ ಇಲಾಖೆ ಎರಡು ಗೆರೆಗಳನ್ನು ಗುರುತಿಸುತ್ತದೆ. ಇಪ್ಪತ್ತೈದು ವರ್ಷಕ್ಕೊಮ್ಮೆ ಬರಬಹುದಾದ ನೆರೆಗೆ ನೀಲಿ ಗೆರೆ, ನೂರು ವರ್ಷಕ್ಕೊಮ್ಮೆ ಬರಬಹುದಾದುದಕ್ಕೆ ಕೆಂಪು ಗೆರೆ. ಅಲ್ಲಿ ಆ ಗೆರೆಗಳನ್ನು ದಾಟಿ ಕಟ್ಟಿದವರಿಗೇನೂ ಕೊರತೆಯಿಲ್ಲ. ಆದರೆ ಮನೆ ಹಿಡಿಯುವವನು ಕೇಳಲೊಂದು ಗೆರೆಯಾದರೂ ಇದೆ. ನೆರೆಬಯಲಿನಲ್ಲಿ ಎಲ್ಲಿ ಏನು ಕಟ್ಟಬಹುದೆಂಬ ಮಾದರಿ ಮಸೂದೆಯನ್ನು ಕೇಂದ್ರ ಸರಕಾರ 1975ರಲ್ಲೇ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ 1978ರಲ್ಲಿ ಕಾಯಿದೆ ಮಾಡಿತು, ರಾಜಸ್ಥಾನ, ಉತ್ತರಾಖಂಡಗಳು ಆಮೇಲೆ ಮಾಡಿದವು. ಕರ್ನಾಟಕದ ಹೆಸರು ಆ ಪಟ್ಟಿಯಲ್ಲಿಲ್ಲ. ಹೀಗಾಗಿ ಒಂದೇ ನದಿಯ ಮೇಲ್ಭಾಗದಲ್ಲಿ ಗೆರೆಯಿದೆ, ಅದೇ ನೀರನ್ನು ಮೈಮೇಲೆ ಹಾಕಿಕೊಳ್ಳುವ ಗಾಣಗಾಪುರದಲ್ಲಿ, ಘತ್ತರಗಿಯಲ್ಲಿ, ಕಟ್ಟಿಸಂಗಾವಿಯಲ್ಲಿ ಇಲ್ಲ.

ದಂಡೆಯೂ ದಿನೇದಿನೇ ಸವೆಯುತ್ತಿದೆ. ಮರಳು ತೆಗೆದ ಗುಂಡಿಯ ಪಕ್ಕದ ಕರಿಮಣ್ಣು ಬುಡ ಕಳಚಿ ಹೋಳುಹೋಳಾಗಿ ಬೀಳುತ್ತದೆ. 2023ರ ಜೂನ್‌ನಲ್ಲಿ ಜೇವರ್ಗಿ ತಾಲೂಕಿನಲ್ಲಿ ಅಕ್ರಮ ಮರಳಿನ ಟ್ರ್ಯಾಕ್ಟರ್ ತಡೆಯಹೋದ ಪೊಲೀಸ್ ಮುಖ್ಯಪೇದೆಯೊಬ್ಬರು ಅದೇ ಟ್ರ್ಯಾಕ್ಟರಿನಡಿ ಪ್ರಾಣ ಕಳೆದುಕೊಂಡರು. ದಂಡೆಗೆ ಬೇಕಾದದ್ದು ಬೇರಿನ ಹಿಡಿತ. ನೀರಿನ ಅಂಚಿಗೆ ಲಾವಂಚ, ಅದರ ಮೇಲಿನ ಇಳಿಜಾರಿಗೆ ಹೊಂಗೆ, ಹೊಳೆಮತ್ತಿ, ದಂಡೆಯ ನೆತ್ತಿಗೆ ಅತ್ತಿ, ಹುಣಸೆ, ಎಲ್ಲಕ್ಕಿಂತ ಮೇಲೆ, ನೀರು ನಿಲ್ಲದ ಕಡೆ ಬೇವು. ಬಳ್ಳಾರಿ ಜಾಲಿಯನ್ನು ಒಂದೇ ಸಲಕ್ಕೆ ಕಿತ್ತುಹಾಕುವುದು ಬೇಡ. ಸದ್ಯಕ್ಕೆ ಮಣ್ಣು ಹಿಡಿದಿರುವುದು ಅದೊಂದೇ. ಪಟ್ಟೆಪಟ್ಟೆಯಾಗಿ ತೆಗೆದು ನಡುವೆ ನೆಡುವುದು ಕ್ಷೇಮ. ಘಟ್ಟದಿಂದ ಸಸಿ ಕಳಿಸುವ ಉತ್ಸಾಹವೂ ಬೇಡ. ವರ್ಷಕ್ಕೆ 750 ಮಿಲಿಮೀಟರ್ ಆಸುಪಾಸಿನ ಮಳೆಯ ಆ ನೆಲಕ್ಕೆ ಅಲ್ಲಿನ ಹಳ್ಳದ ಅತ್ತಿಯ ಟೊಂಗೆ, ಅಲ್ಲಿನ ಹೊಂಗೆಯ ಬೀಜವೇ ಒಗ್ಗುವುದು.

ಬಯಲಿನವರಿಗೆ ಬುದ್ಧಿ ಹೇಳುವ ಮುನ್ನ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಕುಶಾಲನಗರದಲ್ಲಿ ಕಾವೇರಿಯ ದಂಡೆಯ ಬಡಾವಣೆಗಳು 2018ರ ಆಗಸ್ಟ್‌ನಲ್ಲಿ ಮುಳುಗಿದವು, 2019ರಲ್ಲಿ ಮತ್ತೆ ಮುಳುಗಿದವು. ಅದೇ 2019ರಲ್ಲಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ತುಂಗೆ ನುಗ್ಗಿದಳು. ಅಲ್ಲಿ ಮರಕ್ಕೆ ಬರವಿರಲಿಲ್ಲ, ಕಾಯಿದೆ ಗೊತ್ತಿದ್ದ ಜನರಿಗೂ ಬರವಿರಲಿಲ್ಲ. ಗದ್ದೆಗೆ ಮಣ್ಣು ತುಂಬಿ, ‘ನದಿಯ ನೋಟ, ಹಸಿರು ಪರಿಸರ’ ಎಂದು ಫಲಕ ತೂಗುಹಾಕಿ ನಿವೇಶನ ಮಾರುವವರು ಘಟ್ಟದ ಪ್ರತಿ ಪೇಟೆಯಲ್ಲೂ ಇದ್ದಾರೆ. ಫಲಕದ ಮರ ದಂಡೆಯ ಮರವಲ್ಲ. ಅದನ್ನು ಕಡಿದೇ ಆ ನೋಟ ತೆರೆದದ್ದು.

ಭೀಮೆಯ ತೀರದಲ್ಲಿ ಹಳೆಯ ಊರುಗಳ ಹಿರಿಯರಿಗೆ 2009ರ ನೀರು ಯಾವ ಮೆಟ್ಟಿಲಿಗೆ, 2020ರ ನೀರು ಯಾವ ಕಿಟಕಿಗೆ ಬಂದಿತ್ತೆಂಬುದು ಕರಾರುವಾಕ್ಕಾಗಿ ನೆನಪಿದೆ. ಗೋಡೆಯ ಮೇಲೆ ಉಳಿದ ರಾಡಿಯ ಗೆರೆ ಮಾತ್ರ ಮುಂದಿನ ಬಾಡಿಗೆದಾರ ಬರುವ ಹೊತ್ತಿಗೆ ಸುಣ್ಣದಡಿ ಮರೆಯಾಗುತ್ತದೆ. ಪ್ರತಿ ಗ್ರಾಮ ಪಂಚಾಯಿತಿ ಆ ಎರಡು ವರ್ಷಗಳ ನೀರಿನ ಮಟ್ಟವನ್ನು ಹಿರಿಯರಿಂದ ಕೇಳಿ, ಶಾಲೆಯ ಗೋಡೆಗೆ, ಗುಡಿಯ ಕಂಬಕ್ಕೆ, ಬಾಡಿಗೆ ಕೋಣೆಗಳಿರುವ ಬೀದಿಯ ಮೂಲೆಗೆ ಬಣ್ಣದಲ್ಲಿ ಬರೆಸಲಿ. ಬಾಡಿಗೆಗಿರುವವರ ಹೆಸರಿಗೊಂದು ವಹಿಯನ್ನೂ ಇಡಲಿ. ಇದಕ್ಕೆ ಹೊಸ ಕಾಯಿದೆ ಬೇಡ, ಒಂದು ಡಬ್ಬ ಬಣ್ಣ, ಒಂದು ನೋಟುಪುಸ್ತಕ ಸಾಕು. ಸೊಂಟದೆತ್ತರದ ಗೆರೆ ಕಂಡರೆ ಯಾರು ಕೋಣೆ ಹಿಡಿದಾರು, ಬಾಡಿಗೆ ಇಳಿದೀತು ಎಂಬ ಆಕ್ಷೇಪ ಮನೆಯೊಡೆಯರಿಂದ ಬಂದೇ ಬರುತ್ತದೆ. ಇಳಿಯಲಿ. ತುಂಗೆಯ ದಂಡೆಯಲ್ಲೂ ಇಳಿಯಲಿ.